ಪಕ್ಕದ ಹೊಲದ ಬೋರು ನಮ್ಮ ನೀರು ಎಳೆದರೆ ಕಾನೂನು ಏನನ್ನುತ್ತದೆ?

ಮೂರು ಇಂಚು ನೀರು ಕೊಡುತ್ತಿದ್ದ ಬೋರು, ಹನ್ನೆರಡು ವರ್ಷ ಕೈಕೊಟ್ಟಿರಲಿಲ್ಲ. ಒಂದು ರಾತ್ರಿ ಬದುವಿನಾಚೆ ರಿಗ್ಗು ಬಂದು ಬೆಳಗಿನವರೆಗೂ ಗುಡುಗಿತು. ಬೆಳಗಾದಾಗ ಅಲ್ಲಿ ಬೂದುಬಣ್ಣದ ಕಲ್ಲುಪುಡಿಯ ಗುಡ್ಡೆ ಬಿದ್ದಿತ್ತು, ಆಚೆಯವರ ಮುಖ ಅರಳಿತ್ತು. ಹದಿನೈದು ದಿನಕ್ಕೆ ಈಚೆಯ ಪೈಪು ಕೆಮ್ಮತೊಡಗಿತು. ಒಂದಿಷ್ಟು ನೀರು, ಒಂದಿಷ್ಟು ಗಾಳಿ, ಮತ್ತೆ ನೀರು. ತಿಂಗಳು ತುಂಬುವಷ್ಟರಲ್ಲಿ ಬರೀ ಗಾಳಿ. ಟೊಮೆಟೊ ಆಗಷ್ಟೇ ಹೂ ಬಿಟ್ಟಿತ್ತು.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಯಾವ ಅರಳಿಕಟ್ಟೆಯಲ್ಲಿ ಕೂತರೂ ಹೆಸರು ಬದಲಾಗಿ ಇದೇ ಕಥೆ ಕಿವಿಗೆ ಬೀಳುತ್ತದೆ. ಕೊನೆಗೆ ಬರುವ ಪ್ರಶ್ನೆಯೂ ಒಂದೇ: ಕೇಸು ಹಾಕಬಹುದಾ?

ಹಾಕಬಹುದು, ಆದರೆ ಗೆಲ್ಲುವುದು ಬಹಳ ಕಷ್ಟ. ನಮ್ಮ ಕಾನೂನಿಗೆ ಹೊಲ ಕಾಣುತ್ತದೆ, ಬಾವಿ ಕಾಣುತ್ತದೆ, ಅದರಡಿ ಹರಿದಾಡುವ ನೀರು ಮಾತ್ರ ಸರಿಯಾಗಿ ಕಾಣುವುದಿಲ್ಲ. ಬೋರಿನ ಜಗಳಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದು ಇದೊಂದನ್ನು ಹಿಡಿದರೆ ಅರ್ಥವಾಗುತ್ತದೆ.

ಮೊದಲು ನೆಲದಡಿ ಇಳಿಯೋಣ

ನೆಲದ ಕೆಳಗೆ ಕೆರೆಯಂಥದ್ದೋ ಹೊಳೆಯಂಥದ್ದೋ ಇದೆ ಎಂಬ ಕಲ್ಪನೆ ಅನೇಕರಿಗಿದೆ. ನಮ್ಮ ಬಯಲುಸೀಮೆಯ ಅಡಿಯಲ್ಲಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆ. ಅದರ ಮೇಲ್ಭಾಗ ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕಿ ಪುಡಿಯಾಗಿದೆ. ಮಳೆನೀರು ಮೊದಲು ಇಂಗಿ ನಿಲ್ಲುವುದು ಆ ಸಡಿಲ ಪದರದಲ್ಲಿ. ಅಜ್ಜಂದಿರು ತೋಡಿಸಿದ ತೆರೆದ ಬಾವಿಗಳಿಗೆ ಅದೇ ಆಧಾರ. ಇನ್ನೂ ಕೆಳಗೆ ಇಡಿಯಾದ ಬಂಡೆ. ಅಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ರೈತರು ‘ಸೆಲೆ’ ಎನ್ನುವುದು ಈ ಬಿರುಕಿಗೇ. ಬೋರು ಕೊರೆಸುವುದೆಂದರೆ ಆರೂವರೆ ಇಂಚಿನ ತೂತು ಅಂಥದ್ದೊಂದು ಬಿರುಕಿಗೆ ತಗುಲಲಿ ಎಂದು ದೇವರನ್ನು ನೆನೆಯುವುದು. ಹತ್ತು ಮಾರು ಆಚೆ ಧಾರಾಳ ನೀರು, ಈಚೆ ಒಣ ಪುಡಿ ಆಗುವುದು ಇದಕ್ಕೇ.

ಪಂಪು ನೀರೆತ್ತಿದಾಗ ಏನಾಗುತ್ತದೆ? ರಾಗಿ ರಾಶಿಯ ನಡುವೆ ಕೈಹಾಕಿ ಬೊಗಸೆ ತುಂಬ ತೆಗೆಯಿರಿ. ಅಲ್ಲೊಂದು ಗುಳಿ ಬೀಳುತ್ತದೆ, ಸುತ್ತಲಿನ ಕಾಳು ಜಾರಿ ಅದರೊಳಗೆ ಬರುತ್ತದೆ. ತೆಗೆದಷ್ಟೂ ಗುಳಿಯ ಬಾಯಿ ಅಗಲವಾಗುತ್ತದೆ. ಬೋರಿನ ಸುತ್ತಲೂ ನೀರಿನ ಮಟ್ಟ ಇದೇ ರೀತಿ ಕುಸಿಯುತ್ತದೆ. ಎರಡು ಬೋರಿನ ಗುಳಿಗಳು ಒಂದಕ್ಕೊಂದು ತಾಗಿದರೆ ಆಳವಾಗಿ ಕೊರೆಸಿ ಜೋರಾಗಿ ಎಳೆಯುವವರ ಕಡೆಗೆ ನೀರು ಜಾರುತ್ತದೆ. ಆದರೆ ಬಂಡೆಯಲ್ಲಿ ಈ ಗುಳಿ ರಾಗಿ ರಾಶಿಯ ಹಾಗೆ ದುಂಡಗಿರುವುದಿಲ್ಲ, ಬಿರುಕು ಹೋದ ದಿಕ್ಕಿಗೇ ಹೋಗುತ್ತದೆ. ಪಕ್ಕದ ಬೋರು ನಿಮ್ಮದಕ್ಕೆ ಏನೂ ಮಾಡದೆ ಇರಬಹುದು, ಅರ್ಧ ಮೈಲಿ ಆಚೆಯದ್ದು ನಿಮ್ಮ ಸೆಲೆಯನ್ನೇ ಬರಿದು ಮಾಡಿರಬಹುದು.

ಇದನ್ನು ಜಂಟಿ ಬ್ಯಾಂಕ್ ಖಾತೆಗೆ ಹೋಲಿಸಬಹುದು. ಊರಿನ ಎಲ್ಲರ ಕೈಯಲ್ಲೂ ಎಟಿಎಂ ಕಾರ್ಡಿದೆ, ಪಾಸ್‌ಬುಕ್ ಮಾತ್ರ ಯಾರಿಗೂ ಕೊಟ್ಟಿಲ್ಲ. ಮಳೆ ವರ್ಷಕ್ಕೊಮ್ಮೆ ಜಮಾ ಮಾಡಿ ಹೋಗುತ್ತದೆ.

1882ರ ಒಂದು ಸಾಲು

ಈಗ ಕಾನೂನು. ನಮ್ಮ ನ್ಯಾಯಾಲಯಗಳು ಇಂದಿಗೂ ಎತ್ತಿಕೊಳ್ಳುವುದು 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯನ್ನು. ಈಸ್‌ಮೆಂಟ್ ಎಂದರೆ ಒಬ್ಬರ ಜಮೀನಿನ ಅನುಕೂಲಕ್ಕಾಗಿ ಇನ್ನೊಬ್ಬರ ಜಮೀನಿನ ಮೇಲೆ ಇರುವ ಸೀಮಿತ ಹಕ್ಕು. ದಾರಿ ಹಕ್ಕು, ಕಾಲುವೆ ಹಾಯಿಸುವ ಹಕ್ಕು, ಇನ್ನೊಬ್ಬರ ನೆಲದ ಚಿಲುಮೆಯಿಂದ ಮನೆಗೆ ನೀರು ತರುವ ಹಕ್ಕು ಇವೆಲ್ಲ ಇದರಲ್ಲಿ ಬರುತ್ತವೆ.

ಈ ಕಾಯ್ದೆಯ 7ನೇ ಕಲಮಿನ ಒಂದು ದೃಷ್ಟಾಂತ ಹೇಳುವುದು ಇಷ್ಟು: ತನ್ನ ಜಮೀನಿನಡಿ ಇರುವ, ನಿರ್ದಿಷ್ಟ ಪಾತ್ರದಲ್ಲಿ ಹರಿಯದ ನೀರನ್ನು ತನ್ನ ಎಲ್ಲೆಯೊಳಗೆ ಕೂಡಿಸಿಕೊಳ್ಳುವ, ವಿಲೇವಾರಿ ಮಾಡುವ ಹಕ್ಕು ಪ್ರತಿ ಭೂಮಾಲೀಕನಿಗೂ ಇದೆ. ‘ನಿರ್ದಿಷ್ಟ ಪಾತ್ರ’ ಎಂದರೆ ಹೊಳೆಗೆ ಇರುವಂಥ, ಗೊತ್ತಾದ ಜಾಡು. ನೆಲದಡಿಯ ನೀರಿಗೆ ಅಂಥ ಜಾಡಿದೆ ಎಂದು ತೋರಿಸಿಕೊಟ್ಟರೆ ಲೆಕ್ಕ ಬೇರೆ. ತೋರಿಸುವುದು ಹೇಗೆ? ಹಾಗಾಗಿ ಅಂತರ್ಜಲವನ್ನೆಲ್ಲ ‘ಜಿನುಗುವ ನೀರು’ ಎಂದೇ ಕಾನೂನು ಎಣಿಸುತ್ತದೆ, ನೆಲದೊಡೆಯ ಅದನ್ನು ಎತ್ತಬಹುದು. ಎಷ್ಟು ಎತ್ತಬಹುದು ಎಂಬ ಮಿತಿ ಆ ಸಾಲಿನಲ್ಲಿಲ್ಲ.

ಈ ಆಲೋಚನೆಯ ಮೂಲ ಇಂಗ್ಲೆಂಡು. 1843ರಲ್ಲಿ ಅಲ್ಲೊಬ್ಬ ಹತ್ತಿ ಗಿರಣಿ ಮಾಲೀಕನ ಬಾವಿ ಹತ್ತಿರದ ಕಲ್ಲಿದ್ದಲು ಗಣಿಯಿಂದಾಗಿ ಬತ್ತಿತು. ಗಣಿಯವನು ತನ್ನ ನೆಲದಲ್ಲಿ ತಾನು ತೋಡಿದ್ದಾನೆ, ಪರಿಹಾರವಿಲ್ಲ ಎಂದಿತು ಕೋರ್ಟು. 1895ರ ಇನ್ನೊಂದು ಪ್ರಕರಣ ಇನ್ನೂ ವಿಚಿತ್ರ. ಬ್ರಾಡ್‌ಫರ್ಡ್ ನಗರಕ್ಕೆ ಹೋಗುತ್ತಿದ್ದ ನೀರಿಗೆ ಅಡ್ಡಿಯಾಗುವಂತೆ ಒಬ್ಬ ತನ್ನ ಜಮೀನಿನಲ್ಲಿ ಅಗೆತ ಶುರುಮಾಡಿದ. ನಗರಸಭೆ ತನ್ನ ಜಮೀನು ಕೊಳ್ಳಲಿ ಎಂಬುದೇ ಅವನ ಲೆಕ್ಕಾಚಾರ ಎಂಬ ವಾದವಿತ್ತು. ಉದ್ದೇಶ ಕೆಟ್ಟದ್ದಾದರೂ ಕೆಲಸ ಕಾನೂನಿನೊಳಗೇ ಇದೆ ಎಂದಿತು ಅಲ್ಲಿನ ಉನ್ನತ ನ್ಯಾಯಪೀಠ. ಅಮೆರಿಕದ ಟೆಕ್ಸಸ್‌ನಲ್ಲಿ 1904ರಲ್ಲಿ ರೈಲ್ವೆ ಕಂಪನಿಯ ಬಾವಿ ಪಕ್ಕದ ಮನೆಯ ಬಾವಿಯನ್ನು ಬತ್ತಿಸಿದಾಗ ಕೊಟ್ಟ ಕಾರಣಗಳಲ್ಲೊಂದು ಓದುವಂತಿದೆ: ನೆಲದಡಿಯ ನೀರಿನ ಚಲನೆ ನಿಗೂಢ, ಅದಕ್ಕೆ ನಿಯಮ ಮಾಡುವುದು ಅಸಾಧ್ಯ. ಆ ಕಾಲಕ್ಕೆ ಅದು ತೀರಾ ತಪ್ಪಲ್ಲ. ಬಾವಿ ಕೈಯಲ್ಲಿ ತೋಡುತ್ತಿದ್ದರು, ಎತ್ತು ಕಟ್ಟಿ ಕಪಿಲೆ ಹೊಡೆಯುತ್ತಿದ್ದರು. ಎತ್ತಿಗೆ ಸುಸ್ತಾದಾಗ ನೀರೆತ್ತುವುದೂ ನಿಲ್ಲುತ್ತಿತ್ತು. ಸಾವಿರ ಅಡಿಗೆ ಇಳಿಬಿಟ್ಟ ಸಬ್‌ಮರ್ಸಿಬಲ್ ಮೋಟರಿಗೆ ಸುಸ್ತಾಗುವುದಿಲ್ಲ. ಅದರ ಜೊತೆಗೆ ಕರ್ನಾಟಕದಲ್ಲಿ ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಹಾಗಾಗಿ ಬಿಲ್ಲಿನ ಹೆದರಿಕೆಯೂ ಇಲ್ಲ. ಕಾನೂನಿನ ಸಾಲು ಮಾತ್ರ ಕಪಿಲೆಯ ಕಾಲದ್ದೇ.

‘ಮೊದಲು ಕೊರೆಸಿದ್ದು ನಾನು’

ಎಲ್ಲರೂ ಮೊದಲು ಹೇಳುವ ಮಾತಿದು. ನಮ್ಮದು ಮೂವತ್ತು ವರ್ಷದ ಬಾವಿ, ಅವರದು ನಿನ್ನೆಯದು. ದಾರಿಯ ವಿಷಯದಲ್ಲಾದರೆ ಈ ವಾದಕ್ಕೆ ತೂಕವಿದೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಬಳಸಿದ ದಾರಿ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನಡಿ ಹಕ್ಕಾಗಿಬಿಡುತ್ತದೆ. ಆದರೆ 17ನೇ ಕಲಮು ಒಂದು ಬಾಗಿಲನ್ನು ಮುಚ್ಚಿದೆ. ನಿರ್ದಿಷ್ಟ ಪಾತ್ರದಲ್ಲಿ ಹರಿಯದ ನೆಲದಡಿಯ ನೀರಿನ ಮೇಲೆ ಹೀಗೆ ವರ್ಷಗಳ ಬಳಕೆಯಿಂದ ಹಕ್ಕು ಹುಟ್ಟುವುದಿಲ್ಲ ಎಂದು ಅದು ನೇರವಾಗಿಯೇ ಹೇಳುತ್ತದೆ. ಮೂವತ್ತಲ್ಲ, ನೂರು ವರ್ಷ ಎತ್ತಿದ್ದರೂ ಅಷ್ಟೇ.

ಬೋರಿಗೂ ಬೋರಿಗೂ ಇಷ್ಟು ಅಂತರ ಇರಲೇಬೇಕು ಎಂಬ ಮಾತೂ ಊರೂರಲ್ಲಿದೆ. ಬ್ಯಾಂಕುಗಳು ಬಾವಿಗೆ ಸಾಲ ಕೊಡುವಾಗ ಇಂಥ ಅಂತರದ ಷರತ್ತು ನೋಡುವುದುಂಟು. ಅದು ಸಾಲದ ಷರತ್ತು. ಸ್ವಂತ ದುಡ್ಡಿನಲ್ಲಿ ಕೊರೆಸುವ ನೆರೆಯವರನ್ನು ಅದೊಂದರ ಬಲದ ಮೇಲೆ ತಡೆಯಲಾಗದು.

ತಡೆಯಾಜ್ಞೆಗೆ ಹೋದರೆ

ಸಿವಿಲ್ ಕೋರ್ಟಿನಲ್ಲಿ ತಾತ್ಕಾಲಿಕ ತಡೆಯಾಜ್ಞೆ ಕೇಳಿದಾಗ ನ್ಯಾಯಾಧೀಶರು ಮೂರು ವಿಷಯ ನೋಡುತ್ತಾರೆ. ಮೇಲ್ನೋಟಕ್ಕೆ ನಿಮ್ಮ ಹಕ್ಕು ಕಾಣುತ್ತದೆಯೇ, ಆಜ್ಞೆ ಕೊಟ್ಟರೆ ಯಾರಿಗೆ ಹೆಚ್ಚು ತೊಂದರೆ, ಕೊಡದಿದ್ದರೆ ಹಣದಿಂದ ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ. ಮೇಲೆ ಹೇಳಿದ 7 ಮತ್ತು 17ನೇ ಕಲಮುಗಳಿಂದಾಗಿ ಮೊದಲ ಮೆಟ್ಟಿಲಲ್ಲೇ ಕಾಲು ಜಾರುತ್ತದೆ.

ಅದನ್ನು ದಾಟಿದರೂ ಸಾಕ್ಷಿಯ ಪ್ರಶ್ನೆ ಇದ್ದೇ ಇದೆ. ಆಚೆಯ ಬೋರು ಶುರುವಾದ ಮೇಲೆ ನನ್ನದು ನಿಂತಿತು ಎಂದರೆ ಸಾಲದು, ಅದರಿಂದಲೇ ನಿಂತಿತು ಎಂದು ತೋರಿಸಬೇಕು. ಆ ವರ್ಷ ಮಳೆಯೇ ಕಡಿಮೆಯಿತ್ತು ಎನ್ನುತ್ತಾರೆ ಎದುರಿನ ವಕೀಲರು, ಅದೂ ನಿಜವಿರುತ್ತದೆ. ಇದನ್ನು ಪರೀಕ್ಷಿಸುವ ಕ್ರಮವೇನೋ ಸರಳ. ನಿಮ್ಮ ಪಂಪು ನಿಲ್ಲಿಸಿ, ನೀರಿನ ಮಟ್ಟ ಎಷ್ಟು ಆಳಕ್ಕಿದೆ ಎಂದು ಅಳೆಯಬೇಕು. ಅವರ ಪಂಪನ್ನು ತಾಸುಗಟ್ಟಲೆ ಓಡಿಸಬೇಕು. ನಡುನಡುವೆ ನಿಮ್ಮ ಬೋರಿನ ಮಟ್ಟ ಅಳೆಯುತ್ತಾ, ಬರೆದುಕೊಳ್ಳುತ್ತಾ ಹೋಗಬೇಕು. ಅವರದು ಓಡಿದಾಗ ಇಳಿದು, ನಿಂತಾಗ ಮೇಲೆ ಬಂದರೆ ಎರಡಕ್ಕೂ ಸೆಲೆಯ ನಂಟಿದೆ ಎಂದರ್ಥ. ಸ್ಥಳ ಪರಿಶೀಲನೆಗೆ ಕೋರ್ಟು ಕಮಿಷನರನ್ನು ನೇಮಿಸಬಹುದು, ಭೂವಿಜ್ಞಾನಿಯ ವರದಿ ತರಿಸಬಹುದು. ಕೊರೆಸಿದ ದಿನಾಂಕ, ಆಳ, ಎಷ್ಟು ಅಡಿಗೆ ನೀರು ಬಿತ್ತು, ಎಷ್ಟು ಇಂಚು ಬಂತು ಎಂಬುದೆಲ್ಲ ರಿಗ್ಗಿನವರು ಕೊಟ್ಟ ಬಿಲ್ಲಿನಲ್ಲಿರುತ್ತದೆ. ಆ ಬಿಲ್ಲು ಬಹುತೇಕರ ಮನೆಯಲ್ಲಿ ಇರುವುದಿಲ್ಲ. ಇದ್ದರೂ ಗೋಡೆಯ ಮೊಳೆಗೆ ಚುಚ್ಚಿಟ್ಟು ಅಕ್ಷರ ಮಾಸಿರುತ್ತದೆ.

ಕುಡಿಯುವ ನೀರು ಬಂದಾಗ ಆಟ ಬದಲಾಗುತ್ತದೆ

ಹಾಗಾದರೆ ಸರ್ಕಾರವೂ ತಡೆಯುವಂತಿಲ್ಲವೇ? ತಡೆಯಬಹುದು, ಆದರೆ ಕಾಯ್ದೆ ಮಾಡಿ. ಧಾರವಾಡ ಜಿಲ್ಲಾಧಿಕಾರಿಯ ವಿರುದ್ಧ 1990ರ ದಶಕದಲ್ಲಿ ನಡೆದ ಒಂದು ಪ್ರಕರಣದಲ್ಲಿ ನಮ್ಮ ಹೈಕೋರ್ಟು ಹೇಳಿದ್ದು ಇದನ್ನೇ: ಸ್ವಂತ ಜಮೀನಿನಲ್ಲಿ ಬೋರು ಕೊರೆಸುವ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಶಾಸನಸಭೆ ಮಾಡಿದ ಕಾಯ್ದೆ ಬೇಕು. ಸಂವಿಧಾನದಲ್ಲಿ ನೀರು ರಾಜ್ಯಪಟ್ಟಿಯ 17ನೇ ವಿಷಯ, ಆದ್ದರಿಂದ ಕಾಯ್ದೆ ಮಾಡಬೇಕಾದ್ದು ಮುಖ್ಯವಾಗಿ ರಾಜ್ಯವೇ.

ಕರ್ನಾಟಕ 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಅಂತರ್ಜಲ ಕಾಯ್ದೆ ತಂದಿತು. ಅದರ ಮುಖ್ಯ ನಿಯಮ ಹಳ್ಳಿಯವರಿಗೆ ತಿಳಿದಿರಬೇಕಾದದ್ದು: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿಯಾಗಲಿ ಬೋರಾಗಲಿ ತೆಗೆಯುವಂತಿಲ್ಲ. ಬರದ ಹೊತ್ತಿನಲ್ಲಿ ಒಂದು ಪ್ರದೇಶವನ್ನು ನೀರಿನ ಅಭಾವದ ಪ್ರದೇಶವೆಂದು ಘೋಷಿಸಿ ನೀರೆತ್ತುವುದರ ಮೇಲೆ ನಿರ್ಬಂಧ ಹಾಕಲೂ ಅವಕಾಶವಿದೆ. ಬೇಸಗೆಯಲ್ಲಿ ತಾಲ್ಲೂಕು ಆಡಳಿತ ಖಾಸಗಿ ಬೋರುಗಳನ್ನು ಬಾಡಿಗೆಗೆ ಪಡೆದು ಊರಿಗೆ ನೀರು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನೆರೆಯವರ ಹೊಸ ಬೋರಿನಿಂದ ನಿಮ್ಮ ಟೊಮೆಟೊ ಒಣಗಿತು ಎಂಬ ದೂರಿಗೆ ಕಾನೂನು ಕಿವುಡು. ಅದೇ ಬೋರು ಊರಿನ ಟ್ಯಾಂಕಿಗೆ ನೀರು ಕೊಡುವ ಪಂಚಾಯಿತಿ ಬೋರಿನಿಂದ 300 ಮೀಟರ್ ದೂರದಲ್ಲಿ ಅನುಮತಿಯಿಲ್ಲದೆ ಎದ್ದಿದ್ದರೆ ದೂರಿಗೆ ಗಟ್ಟಿ ನೆಲೆ ಸಿಗುತ್ತದೆ. ಶುದ್ಧ ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕುಡಿಯುವ ನೀರಿಗೆ ಸಿಕ್ಕ ಆ ಸ್ಥಾನ ಬೆಳೆಯ ನೀರಿಗೆ ಸಿಕ್ಕಿಲ್ಲ.

2011ರ ಕಾಯ್ದೆ: ಮೊದಲು ಅನುಮತಿ

ಹನ್ನೆರಡು ವರ್ಷದ ನಂತರ ಬಂದದ್ದು ಕರ್ನಾಟಕ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆಯ ವಿನಿಯಮನ ಮತ್ತು ನಿಯಂತ್ರಣ) ಅಧಿನಿಯಮ. ಇದರಡಿ ರಾಜ್ಯಕ್ಕೊಂದು ಅಂತರ್ಜಲ ಪ್ರಾಧಿಕಾರ, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯ ನೇತೃತ್ವದ ಸಮಿತಿ ಇವೆ. ನೀರು ತೀರಾ ಇಳಿದ ತಾಲ್ಲೂಕುಗಳನ್ನು ‘ಅಧಿಸೂಚಿತ ಪ್ರದೇಶ’ ಎಂದು ಘೋಷಿಸಲಾಗುತ್ತದೆ. ಅಲ್ಲಿ ಹೊಸ ಬೋರಿಗೆ ಮೊದಲೇ ಅನುಮತಿ ಬೇಕು, ಇರುವ ಬೋರುಗಳನ್ನು ನೋಂದಾಯಿಸಬೇಕು. ಕೊರೆಯುವ ರಿಗ್ಗುಗಳಿಗೂ ನೋಂದಣಿ ಬೇಕು.

ತೀರಾ ಇಳಿದಿದೆ ಎಂದು ಹೇಗೆ ಗೊತ್ತುಮಾಡುತ್ತಾರೆ? ವರ್ಷದಲ್ಲಿ ಇಂಗಿದ ನೀರಿನಲ್ಲಿ ತೆಗೆಯಬಹುದಾದ ಪಾಲು ನೂರು ಕೊಡ ಎಂದುಕೊಳ್ಳಿ. ಎಪ್ಪತ್ತು ಕೊಡದವರೆಗೆ ತೆಗೆದರೆ ಆ ಪ್ರದೇಶ ಸುರಕ್ಷಿತ. ಎಪ್ಪತ್ತರಿಂದ ತೊಂಬತ್ತು ಎಂದರೆ ಅರೆ-ಗಂಭೀರ, ತೊಂಬತ್ತರಿಂದ ನೂರು ಗಂಭೀರ. ನೂರು ದಾಟಿದರೆ ಅತಿಬಳಕೆ. ಅಂದರೆ ಈ ವರ್ಷದ ಮಳೆ ಕೊಟ್ಟದ್ದು ಸಾಲದೆ ಹಿಂದಿನ ವರ್ಷಗಳ ಉಳಿತಾಯವನ್ನೂ ಮುರಿಯುತ್ತಿದ್ದೇವೆ. ಕೋಲಾರದ ತಾಲ್ಲೂಕುಗಳು ಬಹುಕಾಲದಿಂದ ಈ ಕೊನೆಯ ಗುಂಪಿನಲ್ಲಿವೆ.

ನೆರೆಯವರ ಜಗಳಕ್ಕೆ ಇದರಿಂದೇನು ಲಾಭ? ‘ನನ್ನ ನೀರು ಎಳೆದರು’ ಎಂಬುದನ್ನು ಸಾಬೀತು ಮಾಡುವುದಕ್ಕಿಂತ ‘ಅನುಮತಿ ಇಲ್ಲದೆ ಕೊರೆಸಿದರು’ ಎಂಬುದನ್ನು ತೋರಿಸುವುದು ಸುಲಭ. ಮೊದಲನೆಯದಕ್ಕೆ ಬಿರುಕುಗಳ ನಕ್ಷೆ ಬೇಕು, ಎರಡನೆಯದಕ್ಕೆ ಒಂದು ಕಾಗದ ಇಲ್ಲ ಎಂಬುದಷ್ಟೇ ಸಾಕು. ವಕೀಲರು ಮೊದಲು ಕೇಳಬೇಕಾದದ್ದು ‘ನಿಮ್ಮ ತಾಲ್ಲೂಕು ಅಧಿಸೂಚಿತವೇ’ ಎಂದು. ಒಂದು ಎಚ್ಚರಿಕೆಯೂ ಇದೆ: ದೂರು ಕೊಡುವವರ ಬೋರಿಗೂ ನೋಂದಣಿ ಇರಬೇಕು. ಇಬ್ಬರದೂ ಇಲ್ಲದಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಎಷ್ಟೋ ದೂರುಗಳು ಬಾಯಿಮಾತಿನಲ್ಲೇ ಉಳಿಯುವುದು ಈ ಕಾರಣಕ್ಕೇ ಇರಬೇಕು.

ನೀರು ಯಾರದ್ದು? ಪ್ಲಾಚಿಮಡದ ಎರಡು ತೀರ್ಪು

ನೆಲದೊಡೆಯನಿಗೆ ಮಿತಿಯೇ ಇಲ್ಲವೇ ಎಂಬ ಪ್ರಶ್ನೆ ದೇಶಮಟ್ಟದ ಸುದ್ದಿಯಾದದ್ದು ಕೇರಳದ ಪಾಲಕ್ಕಾಡ್ ಜಿಲ್ಲೆಯ ಪ್ಲಾಚಿಮಡದಲ್ಲಿ. ಅಲ್ಲಿ ಕೋಕಾ-ಕೋಲಾ ಘಟಕ 34 ಎಕರೆ ಜಾಗದಲ್ಲಿ ಬೋರು ಕೊರೆಸಿ ನೀರೆತ್ತುತ್ತಿತ್ತು. ಸುತ್ತಲಿನ ಬಾವಿಗಳು ಬತ್ತಿದವು, ನೀರು ಕೆಟ್ಟಿತು ಎಂದು ಜನ ಧರಣಿ ಕೂತರು. 2003ರಲ್ಲಿ ಪೆರುಮಾಟ್ಟಿ ಗ್ರಾಮ ಪಂಚಾಯಿತಿ ಪರವಾನಗಿ ನವೀಕರಿಸಲಿಲ್ಲ. ಕಂಪನಿಯ ವಾದ ಸರಳವಾಗಿತ್ತು: ನೆಲ ನಮ್ಮದು, ಅಡಿಯ ನೀರೂ ನಮ್ಮದು.

2003ರ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಇದನ್ನು ಒಪ್ಪಲಿಲ್ಲ. ಅಂತರ್ಜಲ ಸಾರ್ವಜನಿಕರ ಆಸ್ತಿ, ಸರ್ಕಾರ ಅದರ ಟ್ರಸ್ಟಿ, 34 ಎಕರೆಯ ಸಾಮಾನ್ಯ ಭೂಮಾಲೀಕನೊಬ್ಬ ಮನೆಗೆ, ಬೆಳೆಗೆ ಬಳಸುವಷ್ಟನ್ನೇ ಕಂಪನಿಯೂ ಎತ್ತಬಹುದು ಎಂದಿತು. ಟ್ರಸ್ಟಿ ಎಂಬುದನ್ನು ಹೀಗೆ ತಿಳಿಯಬಹುದು: ದೇವಸ್ಥಾನದ ಒಡವೆ ಧರ್ಮದರ್ಶಿಯ ಸುಪರ್ದಿಯಲ್ಲಿರುತ್ತದೆ, ಅವನು ಕಾಯಬೇಕು, ಮಾರುವಂತಿಲ್ಲ. 2005ರ ಏಪ್ರಿಲಿನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನು ತಿರುಗಿಸಿತು. ಕಾಯ್ದೆಯ ಅಡ್ಡಿ ಇಲ್ಲದಿರುವಾಗ ಸ್ವಂತ ನೆಲದ ನೀರು ಎತ್ತುವ ಹಕ್ಕಿದೆ ಎಂದು, ದಿನಕ್ಕೆ ಐದು ಲಕ್ಷ ಲೀಟರಿನವರೆಗೆ ಅವಕಾಶ ಕೊಟ್ಟಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಘಟಕ 2004ರಲ್ಲೇ ನಿಂತಿತ್ತು. ಅದನ್ನು ಮತ್ತೆ ತೆರೆಯುವುದಿಲ್ಲ ಎಂದು ಕಂಪನಿ 2017ರಲ್ಲಿ ಹೇಳಿದ ಮೇಲೆ ಆ ಪ್ರಕರಣ ಅಲ್ಲಿಗೇ ಮುಗಿಯಿತು. ನೀರು ಯಾರದ್ದು ಎಂಬುದಕ್ಕೆ ಅದರಿಂದ ಉತ್ತರ ಸಿಗಲಿಲ್ಲ.

ಕೇಂದ್ರದ ಕಡೆಯಿಂದ 1997ರಲ್ಲಿ, ಸುಪ್ರೀಂ ಕೋರ್ಟಿನ ಸೂಚನೆಯ ಮೇರೆಗೆ, ಕೇಂದ್ರ ಅಂತರ್ಜಲ ಪ್ರಾಧಿಕಾರ ಹುಟ್ಟಿತು. ಅದರ 2020ರ ಮಾರ್ಗಸೂಚಿ ಕೈಗಾರಿಕೆಗಳಿಗೆ ಅನುಮತಿ ಕಡ್ಡಾಯ ಮಾಡಿ, ಕೃಷಿಗೆ ವಿನಾಯಿತಿ ಕೊಟ್ಟಿದೆ. ದೇಶದಲ್ಲಿ ಎತ್ತುವ ಅಂತರ್ಜಲದ ಬಹುಪಾಲು ಹೋಗುವುದು ಕೃಷಿಗೇ.

ನೀರು ಕೆಡಿಸಿದರೆ

ನೀರು ಎಳೆದುಕೊಳ್ಳುವುದಕ್ಕೆ ಉದಾರಿಯಾದ ಹಳೆಯ ಕಾನೂನು ಕೆಡಿಸುವುದಕ್ಕೆ ಉದಾರಿಯಲ್ಲ. 1885ರಲ್ಲೇ ಇಂಗ್ಲೆಂಡಿನಲ್ಲಿ, ಪಾಳುಬಾವಿಗೆ ಚರಂಡಿ ಬಿಟ್ಟು ಪಕ್ಕದ ಮದ್ಯ ತಯಾರಿಕೆಯವರ ಬಾವಿ ಕೆಡಿಸಿದವನಿಗೆ ಕೋರ್ಟು ಹೊಣೆ ಹೊರಿಸಿತ್ತು. ನೆರೆಯ ಕಾರ್ಖಾನೆಯವರು ಬತ್ತಿದ ಬೋರಿಗೆ ಕೊಳಚೆ ಇಳಿಸುತ್ತಿದ್ದರೆ ನಿಮ್ಮ ಕೇಸು ಮೇಲಿನ ಎಲ್ಲಕ್ಕಿಂತ ಗಟ್ಟಿ. ಮಾಲಿನ್ಯ ನಿಯಂತ್ರಣ ಮಂಡಳಿಗೂ ದೂರು ಕೊಡಬಹುದು. ನೀರಿನ ಮಾದರಿಯ ಪರೀಕ್ಷಾ ವರದಿ ಇಲ್ಲಿ ಮುಖ್ಯ.

ಅಣ್ಣತಮ್ಮಂದಿರ ಬಾವಿ

ಕೊನೆಗೆ, ಕೋರ್ಟು ಚೆನ್ನಾಗಿ ಬಗೆಹರಿಸಬಲ್ಲ ಜಗಳ: ಹಿಸ್ಸೆಯಾದ ಮನೆಯ ಒಂದೇ ಬಾವಿ. ಇಲ್ಲಿ ಪ್ರಶ್ನೆ ನೆಲದಡಿಯ ನೀರಿನದಲ್ಲ, ಕಲ್ಲು ಕಟ್ಟಿದ ಬಾವಿಯದು. ಬಾವಿ ಜಂಟಿ ಆಸ್ತಿ. ‘ಬಾವಿಯಲ್ಲಿ ಅರ್ಧ ಪಾಲು, ಪಾಳಿಯ ಮೇಲೆ ನೀರು’ ಎಂದು ಪಾಲುಪತ್ರದಲ್ಲಿದ್ದರೆ ಅದು ಜಾರಿಯಾಗುವ ಹಕ್ಕು. ಮೀಟರು ಅಣ್ಣನ ಹೆಸರಿನಲ್ಲಿದೆ ಎಂದು ಅವನು ತಮ್ಮನ ಪಾಳಿಯ ದಿನ ಫ್ಯೂಸು ಕಿತ್ತರೆ ತಡೆಯಾಜ್ಞೆ ಸಿಗುತ್ತದೆ. ತಮ್ಮನ ಪೈಪು ಅಣ್ಣನ ಹೊಲ ದಾಟಿ ಬರಬೇಕಾದರೆ, ಪಾಲಾದಾಗ ಹುಟ್ಟುವ ಅಗತ್ಯದ ಈಸ್‌ಮೆಂಟ್ ಎಂದು 13ನೇ ಕಲಮು ಅವನ ನೆರವಿಗೆ ಬರಬಹುದು.

ತೊಡಕು ಶುರುವಾಗುವುದು ಬಾವಿ ಬತ್ತಿದಾಗ. ಅಣ್ಣ ಬಾವಿಯ ತಳದಲ್ಲೇ ಬೋರು ಹಾಕಿಸಿ ನೀರು ಬಿತ್ತೆಂದುಕೊಳ್ಳಿ. ದುಡ್ಡು ನನ್ನದು ಎನ್ನುತ್ತಾನೆ ಅವನು, ತಳ ಇಬ್ಬರದೂ ಎನ್ನುತ್ತಾನೆ ತಮ್ಮ. ಜಾಗ ಜಂಟಿಯಾದ್ದರಿಂದ ತಮ್ಮನನ್ನು ಹೊರಗಿಡುವುದು ಕಷ್ಟ, ಖರ್ಚಿನ ಪಾಲು ಕೊಡು ಎಂದು ಅಣ್ಣ ಕೇಳಬಹುದು. ಅದೇ ಬೋರನ್ನು ಅಣ್ಣ ಬಾವಿಯಿಂದ ಹತ್ತು ಅಡಿ ಆಚೆ, ತನ್ನ ಪಾಲಿನ ಸರ್ವೆ ನಂಬರಿನಲ್ಲಿ ಹಾಕಿಸಿದ್ದರೆ? ಮತ್ತೆ 1882ರ ಸಾಲಿಗೇ ಬಂದು ನಿಲ್ಲುತ್ತೇವೆ: ಅವನ ನೆಲ, ಅವನ ನೀರು. ತಮ್ಮನ ಕೈಯಲ್ಲಿ ಉಳಿಯುವುದು ಒಣ ಬಾವಿಯ ಅರ್ಧ ಪಾಲು. ಪಾಲುಪತ್ರ ಬರೆಸುವಾಗ ‘ಬಾವಿ’ ಎಂಬ ಪದದ ಮುಂದೆ ‘ಅದರ ಬದಲಿಗೆ ಮುಂದೆ ಯಾರೇ ಕೊರೆಸುವ ಕೊಳವೆಬಾವಿ ಸಹಿತ’ ಎಂದೂ, ಯಾರಿಗೆ ಯಾವ ವಾರ, ರಿಪೇರಿಯ ಖರ್ಚು ಯಾರದ್ದು, ವಿದ್ಯುತ್ ಸಂಪರ್ಕದ ಆರ್‌ಆರ್ ನಂಬರ್ ಯಾವುದು ಎಂದೂ ಸೇರಿಸಿದರೆ ನಾಲ್ಕು ಸಾಲು ಹೆಚ್ಚಾಗುತ್ತದೆ, ಅಷ್ಟೇ.